ಎಡಗೈ ಸುಮ್ಮನಿರಲು ಕಲಿತದ್ದು: ವಿರಾಜಪೇಟೆಯಿಂದ ಒಂದು ಕಂಡಕ್ಟಿಂಗ್ ಕೋರ್ಸ್‌ಗೆ

ದಸರಾ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಆರ್ಕೆಸ್ಟ್ರಾ ಕಂಡಕ್ಟಿಂಗ್‌ನ, ಅಂದರೆ ವಾದ್ಯತಂಡದ ಮುಂದೆ ನಿಂತು ಕೈಸನ್ನೆಯಲ್ಲಿ ಅದನ್ನು ನಡೆಸುವ ವಿದ್ಯೆಯ, ಕಿರು ಕೋರ್ಸ್ ಒಂದನ್ನು ಮುಗಿಸಿ ಬಂದೆ. ಅರ್ಜಿ ಹಾಕಿದ್ದು ಜೂನ್‌ನಲ್ಲಿ. ಸೀಟು ಖಾತ್ರಿಯಾಗಿದ್ದು ಗಣಪತಿ ಹಬ್ಬ ಕಳೆದ ಮೇಲೆ. ಈ ನಡುವಿನ ಓಡಾಟ, ಕಾಯುವಿಕೆ, ಖರ್ಚು ಎಲ್ಲ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ನಮ್ಮ ಕಡೆಯಿಂದ ಇನ್ಯಾರಾದರೂ ಹೋಗುವುದಾದರೆ ಉಪಯೋಗಕ್ಕೆ ಬರಬಹುದು. ಎಡಗೈ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಯಾಕೆಂದರೆ ನನ್ನ ಅರ್ಜಿ ಸಿಕ್ಕಿಹಾಕಿಕೊಂಡಿದ್ದು ಎಡಗೈಯಿಂದ, ಆಮೇಲೆ ಮುಂದೆ ಹೋಗಿದ್ದೂ ಎಡಗೈಯಿಂದಲೇ.

ನಾನು ವಿರಾಜಪೇಟೆಯ ಶಾಲೆಯೊಂದರಲ್ಲಿ ಸಂಗೀತ ಟೀಚರ್. ವಯಲಿನ್ ನುಡಿಸುತ್ತೇನೆ. ನಮ್ಮೂರಲ್ಲಿ 1792ರಿಂದ ಚರ್ಚ್ ಇದೆ. ಹಾಗಾಗಿ ನಾಲ್ಕು ದನಿಯಲ್ಲಿ ಸೇರಿ ಹಾಡುವವರಿಗೆ ಬರ ಇಲ್ಲ. ಇನ್ನು ಕೊಡಗು ಅಂದ ಮೇಲೆ ಮಿಲಿಟರಿಯಿಂದ ನಿವೃತ್ತರಾದವರಿಗೂ ಬರ ಇಲ್ಲ. ಅವರಲ್ಲಿ ರೆಜಿಮೆಂಟಿನ ಬ್ಯಾಂಡಿನಲ್ಲಿದ್ದ ಕೆಲವರು ಕ್ಲಾರಿನೆಟ್, ಕಾರ್ನೆಟ್ ಪೆಟ್ಟಿಗೆಯಲ್ಲಿಟ್ಟು ಕಾಫಿ ತೋಟ ನೋಡಿಕೊಂಡಿದ್ದರು. ಈ ಅಂಕಲ್‌ಗಳು, ನನ್ನ ಶಾಲೆಯ ವಯಲಿನ್ ಮಕ್ಕಳು, ಚೆಲ್ಲೋ ನುಡಿಸುವ ಇಬ್ಬರು, ಚರ್ಚಿನ ಕೀಬೋರ್ಡ್ ಹುಡುಗ ಸೇರಿ ಕ್ರಿಸ್ಮಸ್ ಹೊತ್ತಿಗೆ ಒಂದು ತಂಡ ಆಯಿತು. ಮುಂದೆ ನಿಲ್ಲಲು ಒಬ್ಬರು ಬೇಕಲ್ಲ. "ನೀವೇ ನಿಂತು ತಾಳ ಹಾಕಿ ಮಿಸ್, ಸಾಕು" ಅಂದರು.

ತಾಳ ಹಾಕಲು ನನಗೆ ಬರುತ್ತದೆ. ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲಿತಿದ್ದೇನೆ. ಆದರೆ ನಾವು ತೊಡೆಯ ಮೇಲೆ ಹಾಕುವ ತಾಳ ಹಾಡಿನ ಜೊತೆಗೇ ನಡೆಯುತ್ತದೆ. ಕಂಡಕ್ಟರ್‌ನ ಕೈ ನಾದಕ್ಕಿಂತ ಒಂದು ಮಾತ್ರೆ ಮುಂದೆ ಇರಬೇಕು. ಕ್ಲಾರಿನೆಟ್ ಊದುವವರು ಉಸಿರು ತೆಗೆದುಕೊಳ್ಳುವುದು ಯಾವಾಗ, ಎಷ್ಟು ಜೋರಾಗಿ ಶುರು ಮಾಡಬೇಕು ಅನ್ನುವುದೆಲ್ಲ ಆ ಒಂದು ಮೊದಲ ಬೀಸಿನಲ್ಲೇ ಗೊತ್ತಾಗಬೇಕು. ಅದನ್ನು ಕಲಿಯಬೇಕು ಅನ್ನಿಸಿತು. ಕೋರ್ಸ್ ಹುಡುಕಿದೆ.

ಅರ್ಜಿಯಲ್ಲಿ ಎರಡು ಬಗೆಯ ಸೀಟು ಇರುತ್ತದೆ. ಒಂದು, ವೇದಿಕೆ ಹತ್ತಿ ನಿಜವಾದ ವಾದಕರನ್ನು ನಡೆಸುವ ಸೀಟು. ಇನ್ನೊಂದು, ಕೂತು ನೋಡುವ ವೀಕ್ಷಕರ ಸೀಟು. ಎರಡಕ್ಕೂ ಫೀಸು ಬೇರೆ. ನನಗೆ ಮೊದಲನೆಯದಕ್ಕೆ 18,000 ರೂಪಾಯಿ ಆಯಿತು. ವೀಕ್ಷಕರಿಗೆ ಅದರ ಅರ್ಧಕ್ಕಿಂತ ಕಡಿಮೆ. ಅರ್ಜಿ ಶುಲ್ಕ ಪ್ರತ್ಯೇಕ, ಅದು ವಾಪಸ್ ಬರಲ್ಲ.

ದಾಖಲೆಗಳಲ್ಲಿ ನನಗೆ ಹೊಡೆತ ಕೊಟ್ಟಿದ್ದು ಮನೆಹೆಸರು. ಮಾರ್ಕ್ಸ್ ಕಾರ್ಡ್, ಸಂಗೀತ ಪರೀಕ್ಷೆಯ ಸರ್ಟಿಫಿಕೇಟು ಎಲ್ಲದರಲ್ಲೂ ತವರಿನ ಮನೆಹೆಸರು ಇದೆ. ಆಧಾರ್‌ನಲ್ಲಿ ಮದುವೆಯಾದ ಮನೆಯ ಹೆಸರು. ಕೊಡವರಲ್ಲಿ ಇದು ಮನೆಮನೆಯ ಕಥೆ. ನಮಗೆ ಮಾಮೂಲಿ, ಬೆಂಗಳೂರಿನ ಆಫೀಸಿನವರಿಗೆ ಇವರಿಬ್ಬರು ಬೇರೆ ಬೇರೆ ಹೆಂಗಸರು. ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿ ಕಳಿಸಬೇಕಾಯಿತು. ಸ್ಟಾಂಪು, ಟೈಪಿಂಗ್, ನೋಟರಿ ಎಲ್ಲ ಸೇರಿ 500ರ ಒಳಗೆ ಮುಗಿಯಿತು. ಮದುವೆಯಾದ ಹೆಣ್ಣುಮಕ್ಕಳು ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಶಾಲೆಯ ಎನ್‌ಒಸಿ ಕೂಡ ಬೇಕಿತ್ತು. ಮಳೆಗೆ ರಜೆ ಕೊಟ್ಟು ಕೊಟ್ಟು ಶನಿವಾರವೆಲ್ಲ ಪೂರ್ತಿ ಕ್ಲಾಸ್ ನಡೆಯುತ್ತಿದ್ದ ಸಮಯ. ದಸರಾ ರಜೆಯಲ್ಲೂ ಸ್ಪೆಷಲ್ ಕ್ಲಾಸ್ ಬರಬಹುದು ಅಂತ ಎನ್‌ಒಸಿ ಬಹಳ ದಿನ ಮೇಜಿನ ಮೇಲೇ ಕೂತಿತ್ತು.

ಮುಖ್ಯವಾದದ್ದು ವಿಡಿಯೊ. ಕ್ಯಾಮೆರಾ ವಾದಕರ ನಡುವೆ ಇರಬೇಕು, ಅಂದರೆ ನಮ್ಮ ಮುಖ ಕಾಣಬೇಕು. ಸೊಂಟದಿಂದ ತಲೆಯ ಮೇಲಿನವರೆಗೆ ಫ್ರೇಮು. ಎರಡೂ ಕೈ ಯಾವಾಗಲೂ ಕಾಣುತ್ತಿರಬೇಕು. ಎಡಿಟ್ ಮಾಡುವ ಹಾಗಿಲ್ಲ. ಓದಲು ಸುಲಭ. ಜುಲೈನಲ್ಲಿ ವಿರಾಜಪೇಟೆಯಲ್ಲಿ ಮಾಡಲು ಹೋಗಿ ನೋಡಿ. ನಾವು ಪ್ರಾಕ್ಟೀಸ್ ಮಾಡುವ ಹಾಲ್‌ಗೆ ಶೀಟಿನ ಮಾಡು. ಮಳೆ ಹೊಡೆದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಲ್ಲ. ವಯಲಿನ್ ಮಕ್ಕಳು ಬಿಲ್ಲು ಎಳೆಯುವುದು ಕಾಣುತ್ತದೆ, ರೆಕಾರ್ಡಿನಲ್ಲಿ ಬರೀ ಮಳೆ. ಕರೆಂಟ್ ಹೋದರೆ ಕೀಬೋರ್ಡ್ ಬಂದ್. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಕೂಡ ಬಂದ್, ಆಮೇಲೆ ಓಟಿಪಿ ಬರುವುದಿಲ್ಲ. ಕೊನೆಗೆ ಹೆಂಚಿನ ಮನೆಯ ಹಾಲ್ ಒಂದರಲ್ಲಿ ಸೋಫಾ ಎಲ್ಲ ಅಂಗಳದ ಕಡೆ ಸರಿಸಿ ರೆಕಾರ್ಡ್ ಮಾಡಿದೆವು. ಅಪ್‌ಲೋಡ್ ಮಾಡಲು ಗೋಣಿಕೊಪ್ಪದಲ್ಲಿ ಫೈಬರ್ ನೆಟ್ ಇರುವ ನೆಂಟರ ಮನೆಗೆ ಹೋದೆ. ನೀವು ಮೇ ತಿಂಗಳಲ್ಲೇ ರೆಕಾರ್ಡ್ ಮಾಡಿಡಿ. ಇದಕ್ಕಿಂತ ದೊಡ್ಡ ಸಲಹೆ ನನ್ನ ಹತ್ತಿರ ಇಲ್ಲ.

ಉತ್ತರ ಬರಲು ವಾರಗಳೇ ಹಿಡಿದವು. ದಿನಾ ಬೆಳಿಗ್ಗೆ ಮೇಲ್ ನೋಡುವುದು, ಸ್ಪ್ಯಾಮ್ ನೋಡುವುದು, ಅಡುಗೆಮನೆಗೆ ಹೋಗುವುದು. ಬಂದ ಉತ್ತರದಲ್ಲಿ ನನಗೆ ವೀಕ್ಷಕರ ಸೀಟು ಕೊಟ್ಟಿದ್ದರು. ಜೊತೆಗೆ ಒಂದು ಸಾಲು ಇತ್ತು. ಎರಡೂ ಕೈ ಒಂದೇ ಮಾತನ್ನು ಎರಡು ಸಲ ಹೇಳುತ್ತಿವೆ, ಎಡಗೈ ಇಲ್ಲದೆ ಇನ್ನೊಂದು ವಿಡಿಯೊ ಕಳಿಸಿದರೆ ಮತ್ತೆ ನೋಡುತ್ತೇವೆ ಅಂತ.

ವಿಡಿಯೊ ತೆಗೆದು ನೋಡಿದೆ. ಹೌದು. ಬಲಗೈ ಕೆಳಗೆ ಇಳಿದರೆ ಎಡಗೈಯೂ ಇಳಿಯುತ್ತದೆ. ಬಲಗೈ ಹೊರಗೆ ಹೋದರೆ ಎಡಗೈಯೂ ಆ ಕಡೆ ಹೊರಗೆ. ಕನ್ನಡಿ ಹಿಡಿದ ಹಾಗೆ. ನಮ್ಮ ಕಡೆ ಮದುವೆಮನೆಯಲ್ಲಿ ವಾಲಗ ಶುರುವಾದರೆ ಎರಡೂ ಕೈ ಒಟ್ಟಿಗೆ ಮೇಲೇಳುತ್ತವಲ್ಲ, ಹಾಗೇ ಇತ್ತು ನನ್ನ ಕಂಡಕ್ಟಿಂಗ್. ನೋಡಲು ಚೆಂದ. ವಾದಕರಿಗೆ ಅದರಿಂದ ಹೊಸದಾಗಿ ಏನೂ ಸಿಗುವುದಿಲ್ಲ. ಬಲಗೈ ಆಗಲೇ ಹೇಳಿದ್ದನ್ನು ಎಡಗೈ ಪುನಃ ಹೇಳುತ್ತಾ ಇದ್ದರೆ, ನಿಜವಾಗಿ ಏನಾದರೂ ಹೇಳಬೇಕಾದಾಗ ಯಾರೂ ಆ ಕೈಯ ಕಡೆ ನೋಡುವುದಿಲ್ಲ.

ಹಾಗಾದರೆ ಎಡಗೈ ಕೆಲಸ ಏನು? ಬಲಗೈಯದ್ದು ಕಾಲದ ಲೆಕ್ಕ. ನಾಲ್ಕು ಮಾತ್ರೆಯಾದರೆ ಕೆಳಗೆ, ಒಳಗೆ, ಹೊರಗೆ, ಮೇಲೆ. ಮೂರಾದರೆ ಕೆಳಗೆ, ಹೊರಗೆ, ಮೇಲೆ. ಎಡಗೈಯದ್ದು ಉಳಿದದ್ದು. ಇಲ್ಲಿ ನಾದ ಏರಲಿ, ಇಲ್ಲಿ ಇಳಿಯಲಿ, ಈ ಸ್ವರ ಹಿಡಿದಿರಲಿ, ಈಗ ನೀವು ಬನ್ನಿ, ಈಗ ಎಲ್ಲರೂ ನಿಲ್ಲಿಸಿ. ಜೊತೆಗೆ ಸ್ಕೋರ್, ಅಂದರೆ ಎದುರಿಗಿಟ್ಟ ಸ್ವರಲಿಪಿ ಪುಸ್ತಕದ, ಪುಟ ತಿರುಗಿಸುವ ಕೂಲಿ ಕೆಲಸವೂ ಅದರದ್ದೇ.

ಎಡಗೈ ಕಟ್ಟಿಹಾಕಿ ಮಾಡುವ ಅಭ್ಯಾಸ ಶುರುವಾಯಿತು. ಮೊದಲು ಜಾಕೆಟ್ ಜೇಬಿನಲ್ಲಿಟ್ಟೆ. ಆಮೇಲೆ ಹೊಟ್ಟೆಯ ಮೇಲೆ, ಪಕ್ಕೆಲುಬಿನ ಕೆಳಗೆ ಸುಮ್ನೆ ಇಡುವುದು. ಹೇಳಲು ಸುಲಭ. ಮೊದಮೊದಲು ನಾದ ಜೋರಾದ ಕೂಡಲೇ ಬೆರಳು ತಾನಾಗಿ ಬಿಡಿಸಿಕೊಂಡು ಎದ್ದುಬಿಡುತ್ತಿತ್ತು. ಅದು ನಿಂತ ಮೇಲೆ ಮುಂದಿನ ಅಭ್ಯಾಸ. ಬಲಗೈ ನಾಲ್ಕು ಮಾತ್ರೆ ಹೊಡೆಯುತ್ತಿರಬೇಕು. ಎಡಗೈ, ಅಂಗೈ ಮೇಲಾಗಿ, ಎಂಟು ಮಾತ್ರೆಯಲ್ಲಿ ಸೊಂಟದಿಂದ ಭುಜದವರೆಗೆ ಒಂದೇ ವೇಗದಲ್ಲಿ ಏರಬೇಕು. ಅಂಗೈ ಕೆಳಗಾಗಿ ಎಂಟರಲ್ಲಿ ಇಳಿಯಬೇಕು. ಎಲ್ಲೂ ಬಲಗೈಯ ಹೊಡೆತಕ್ಕೆ ಎಡಗೈ ಕುಲುಕಬಾರದು. ಕೈಯಲ್ಲಿ ನೀರಿನ ಲೋಟ ಹಿಡಿದು ಮಾಡಿದರೆ ಗೊತ್ತಾಗುತ್ತದೆ. ನನ್ನ ಅಡುಗೆಮನೆ ನೆಲ ಆ ತಿಂಗಳು ಒಣಗಲೇ ಇಲ್ಲ. ಮಳೆಗಾಲ ಬೇರೆ.

ಇನ್ನೊಂದು ಅಭ್ಯಾಸ ನನಗೆ ಬಹಳ ಉಪಯೋಗ ಆಯಿತು. ಬಲಗೈ ಮೂರು ಮಾತ್ರೆ ಹೊಡೆಯುತ್ತಿರುವಾಗ ಎಡಗೈಯಲ್ಲಿ ದಿನದ ಕೆಲಸ ಮಾಡುವುದು. ಪುಸ್ತಕ ಎತ್ತಿ ಇನ್ನೊಂದು ಕಡೆ ಇಡುವುದು, ಶೆಲ್ಫಿನ ಬಾಗಿಲು ತೆಗೆಯುವುದು, ಸ್ವೆಟರ್ ಗುಂಡಿ ಹಾಕುವುದು. ಮನೆಯವರು ನಕ್ಕರು. ಅತ್ತೆ ಮಾತ್ರ ಪಕ್ಕದಲ್ಲಿ ಕೂತು, "ಈಗ ಬಲಗೈ ನಿಂತಿತು ನೋಡು" ಅಂತ ಸರಿಯಾಗಿ ಹಿಡಿದುಕೊಡುತ್ತಿದ್ದರು.

ಎಡಗೈ ಇಲ್ಲದ ವಿಡಿಯೊ ಕಳಿಸಿದೆ. ಮತ್ತೆ ಕಾಯುವಿಕೆ. ಕೊನೆಗೆ ವೇದಿಕೆ ಸೀಟು ಸಿಕ್ಕಿತು. ದುಡ್ಡು ಕಟ್ಟಲು ಮೂರೇ ದಿನ ಕೊಟ್ಟಿದ್ದರು, ಆದ್ದರಿಂದ ಹಣ ಕೈಯಲ್ಲಿ ಇಟ್ಟುಕೊಂಡೇ ಅರ್ಜಿ ಹಾಕಿ.

ಪ್ರಯಾಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ, ಮೈಸೂರಿಗೆ ಹೋಗಿ ಹತ್ತಬೇಕು. ದಸರಾ ಸಮಯದಲ್ಲಿ ಮೈಸೂರು ದಾಟುವುದೇ ಒಂದು ಸಾಹಸ. ಮಡಿಕೇರಿ ದಸರಾಕ್ಕೆ ಬರುವವರು ಈ ಕಡೆ, ಜಂಬೂಸವಾರಿಗೆ ಹೋಗುವವರು ಆ ಕಡೆ. ಬಸ್ಸಿನ ಸೀಟು ಮೊದಲೇ ಬುಕ್ ಮಾಡಿ. ಪಿಜಿಯಲ್ಲಿ ಉಳಿದುಕೊಂಡೆ, ಊಟ ಸೇರಿ ಕೋರ್ಸ್ ಫೀಸಿನ ಅರ್ಧದಷ್ಟು ಆಯಿತು.

ಕೋರ್ಸ್‌ನಲ್ಲಿ ಬೆಳಿಗ್ಗೆ ಇಬ್ಬರು ಪಿಯಾನೊ ನುಡಿಸುವವರ ಮುಂದೆ, ಮಧ್ಯಾಹ್ನ ತಂತಿವಾದ್ಯದವರ ಮುಂದೆ. ವೇದಿಕೆಯ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹಂಚುತ್ತಾರೆ. ಎಲ್ಲರ ವಿಡಿಯೊ ತೆಗೆದು ರಾತ್ರಿ ಎಲ್ಲರ ಮುಂದೆ ಹಾಕುತ್ತಾರೆ, ಶಬ್ದ ಮ್ಯೂಟ್ ಮಾಡಿ. ಕೈ ನೋಡಿ ಸಂಗೀತ ಹೇಗಿದೆ ಹೇಳಿ ಅನ್ನುತ್ತಾರೆ. ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಮೊದಲ ರಾತ್ರಿ ಅತ್ತವರು ನಾನೊಬ್ಬಳೇ ಅಲ್ಲ.

ನನಗೆ ಕೊಟ್ಟಿದ್ದು ಮೊಜಾರ್ಟ್ 1787ರಲ್ಲಿ ಬರೆದ ಜಿ ಮೇಜರ್ ಸೆರೆನೇಡ್ ಎಂಬ ತಂತಿವಾದ್ಯಗಳ ರಚನೆ. ಅದರ ಶುರು ಎಲ್ಲರಿಗೂ ಗೊತ್ತು, ಮೊಬೈಲ್ ರಿಂಗ್‌ಟೋನ್‌ನಲ್ಲೂ ಕೇಳಿರುತ್ತೀರಿ. ಎಲ್ಲ ವಾದ್ಯ ಒಂದೇ ಸ್ವರಸಾಲನ್ನು ಜೋರಾಗಿ ಹಿಡಿದು, ನಡುನಡುವೆ ನಿಲ್ಲುತ್ತವೆ. ಅಲ್ಲಿ ಎಡಗೈಗೆ ಕೆಲಸವೇ ಇಲ್ಲ. ಒಂದು ಸರಿಯಾದ ಬೀಸು ಕೊಟ್ಟರೆ ಅವರೇ ನುಡಿಸುತ್ತಾರೆ. ಎರಡನೇ ಭಾಗ ಬೇರೆ. ಮೆಲ್ಲಗೆ, ಅರ್ಧ ಬಾರ್ (ಮಾತ್ರೆಗಳ ಒಂದು ಸುತ್ತು) ಮೊದಲೇ ಶುರು. ಕೋರ್ಸ್ ಕಲಿಸುತ್ತಿದ್ದ ಸರ್ ನನ್ನನ್ನು ಅಲ್ಲೇ ನಿಲ್ಲಿಸಿದರು.

"ನಿಮ್ಮ ಎಡಗೈ ನೋಡಿ, ನಡುಗುತ್ತಿದೆ" ಅಂದರು.

ಹೆದರಿ ನಡುಗಿದ್ದಲ್ಲ. ವಯಲಿನ್‌ನವರ ಎಡಗೈ ಅದು. ಭಾವ ಬಂದ ಕೂಡಲೇ ಬೆರಳು ತಂತಿಯ ಮೇಲೆ ಇದ್ದ ಹಾಗೆ ವೈಬ್ರಾಟೊ, ಅಂದರೆ ಸ್ವರವನ್ನು ಅಲುಗಿಸುವ ನಡುಕ, ಶುರು ಮಾಡುತ್ತದೆ. ನನ್ನ ಮಟ್ಟಿಗೆ ಅದು ಸಂಗೀತ. ಎದುರಿಗೆ ಕೂತವರಿಗೆ ಅದು ಬರೀ ಗಾಳಿಯಲ್ಲಿ ಆಡುವ ಬೆರಳು. ಸರ್ ಬೇರೆ ದಾರಿ ತೋರಿಸಿದರು. ಕೈಯನ್ನು ತೆರೆದು, ಅಂಗೈಯನ್ನು ವಾದಕರ ಕಡೆ ತಿರುಗಿಸಿ, ಎದೆಗಿಂತ ಸ್ವಲ್ಪ ಕೆಳಗೆ, ಅಲುಗಾಡದೆ ಹಿಡಿಯಿರಿ ಅಂದರು. ಹಿಡಿದೆ. ಇಡೀ ಗುಂಪಿನ ದನಿ ಒಂದು ಹಂತ ಇಳಿಯಿತು. ಒಂದು ಮಾತೂ ಆಡಿರಲಿಲ್ಲ. ಆಮೇಲೆ ಅವರು ಹೇಳಿದ್ದು, ಕೆಲಸ ಆದ ಕೂಡಲೇ ಕೈ ಕೆಳಗಿಳಿಸಿ ಅಂತ. ಅಲ್ಲೇ ಬಿಟ್ಟರೆ ಇನ್ನೂ ಮೆಲ್ಲಗೆ ಅಂತ ತಿಳಿದು ನಾದ ಸತ್ತೇಹೋಗುತ್ತದೆ. ಕೈ ಎತ್ತಲು ಕಲಿತ ಎಷ್ಟೋ ದಿನಗಳ ಮೇಲೆ ನನಗೆ ಕೈ ಇಳಿಸಲು ಬಂತು.

ಕ್ಯೂ, ಅಂದರೆ ಈಗ ನೀವು ಬನ್ನಿ ಅನ್ನುವ ಸನ್ನೆ, ಕೊಡುವ ವಿಷಯದಲ್ಲಿ ಪುಸ್ತಕದಲ್ಲಿ ಸಿಗದ ಒಂದೆರಡು ಮಾತು. ಸಾಮಾನ್ಯವಾಗಿ ಮೊದಲ ವಯಲಿನ್‌ಗಳು ಕಂಡಕ್ಟರ್‌ನ ಎಡಕ್ಕೆ, ಚೆಲ್ಲೋ ಅಥವಾ ವಿಯೋಲಾ ಬಲಕ್ಕೆ ಕೂರುತ್ತವೆ. ಎಡಗಡೆಯವರಿಗೆ ಎಡಗೈ ಸರಿ. ಬಲಗಡೆಯವರಿಗೆ ಎಡಗೈಯನ್ನು ಮೈಗೆ ಅಡ್ಡವಾಗಿ ಚಾಚಿದರೆ ಬಲಗೈಯ ಹೊಡೆತವೇ ಮುಚ್ಚಿಹೋಗುತ್ತದೆ. ಅವರಿಗೆ ಬೇಟನ್ನನ್ನೇ (ಬಲಗೈಯಲ್ಲಿ ಹಿಡಿಯುವ ತೆಳು ಕಡ್ಡಿ) ಸ್ವಲ್ಪ ಆ ಕಡೆ ತಿರುಗಿಸಿ ಕೊಡುವುದು, ಅಥವಾ ಬರೀ ಕಣ್ಣು. ಎಲ್ಲಿಯೇ ಆದರೂ ಮೊದಲು ನೋಟ, ಒಂದು ಮಾತ್ರೆ ಮೊದಲು ಉಸಿರು, ಕೈ ಕೊನೆಗೆ. ನೋಡದೆ ಕೈ ಚಾಚಿದರೆ ಆ ಸಾಲಿನಲ್ಲಿ ಇರುವವರೆಲ್ಲ ತಮಗೇ ಅಂದುಕೊಳ್ಳುತ್ತಾರೆ. ಕೊನೆಯ ಸ್ವರ ನಿಲ್ಲಿಸಲು ಎಡಗೈಯಲ್ಲಿ ಚಿಕ್ಕ ಸುತ್ತು ಹಾಕಿ ಬೆರಳು ಸೇರಿಸುವುದು. ಸುತ್ತು ದೊಡ್ಡದಾದರೆ ಯಾವ ಜಾಗದಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದೆ ಒಬ್ಬೊಬ್ಬರು ಒಂದೊಂದು ಕಡೆ ನಿಲ್ಲಿಸುತ್ತಾರೆ.

ಕನ್ನಡಿಯಂತೆ ಎರಡೂ ಕೈ ಬೀಸುವುದು ಪೂರ್ತಿ ನಿಷಿದ್ಧ ಅಂತಲೂ ಅಲ್ಲ. ದೊಡ್ಡ ಗಾಯನ ಗುಂಪು ಹಿಂದೆ ನಿಂತಿದ್ದಾಗ, ವೇಗ ದಿಢೀರನೆ ಬದಲಾಗುವ ಜಾಗದಲ್ಲಿ, ಪಕ್ಕದಲ್ಲಿ ಕೂತವರಿಗೆ ಬಲಗೈ ಕಾಣದಿದ್ದಾಗ ಎಲ್ಲರೂ ಮಾಡುತ್ತಾರೆ. ಅದು ಅಭ್ಯಾಸಬಲದಿಂದ ಬರಬಾರದು, ಅಷ್ಟೇ.

ನಮ್ಮ ಬ್ಯಾಚಿನಲ್ಲಿ ಒಬ್ಬ ಹುಡುಗ ಎಡಚ. ನಾನು ಬೇಟನ್ ಎಡಗೈಯಲ್ಲಿ ಹಿಡಿಯಬಹುದಾ ಅಂತ ಕೇಳಿದ. ಫಿನ್‌ಲೆಂಡಿನ ಪಾವೊ ಬೆರ್ಗ್‌ಲುಂಡ್ ಎಂಬ ದೊಡ್ಡ ಕಂಡಕ್ಟರ್ ಇಡೀ ಜೀವನ ಎಡಗೈಯಲ್ಲೇ ಹಿಡಿದರು ಅಂತ ಸರ್ ಹೇಳಿದರು. 1929ರಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡವರು. ಅವರ ವಯಲಿನ್ ಕೂಡ ಎಡಗೈಯವರದ್ದೇ. ಆದರೆ ಹೊಸದಾಗಿ ಸೇರುವವರು ಬಲಗೈಯಲ್ಲೇ ಕಲಿಯುವುದು ಒಳ್ಳೆಯದು, ವಾದಕರ ಕಣ್ಣು ಅದಕ್ಕೆ ಒಗ್ಗಿರುತ್ತದೆ ಅಂದರು. ಹುಡುಗನಿಗೆ ಸಮಾಧಾನ ಆಗಲಿಲ್ಲ. ನನಗೂ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ವಾದಕರು ಒಂದು ವಾರದಲ್ಲಿ ಒಗ್ಗಿಕೊಳ್ಳುತ್ತಾರೆ ಅಂತ ನನ್ನ ಅನಿಸಿಕೆ.

ಇನ್ನೊಂದು ಸಂಗತಿ ಕೇಳಿ ಖುಷಿಯಾಯಿತು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ದೊಡ್ಡ ರಚನೆಕಾರ, ದೊಡ್ಡ ಕಂಡಕ್ಟರ್ ಕೂಡ. ಎಡಗೈಗೆ ಕಂಡಕ್ಟಿಂಗ್‌ನಲ್ಲಿ ಕೆಲಸವೇ ಇಲ್ಲ, ಅದರ ಜಾಗ ಕೋಟಿನೊಳಗಿನ ವೇಸ್ಟ್‌ಕೋಟ್ ಜೇಬು ಅನ್ನುವ ಅಭಿಪ್ರಾಯ ಅವರದ್ದು. ಅವರು 1949ರಲ್ಲಿ ತೀರಿಕೊಂಡರು. ಅವರ ಕೊನೆಯ ಹಾಡುಗಳು 1950ರಲ್ಲಿ ಲಂಡನ್‌ನಲ್ಲಿ ಮೊದಲ ಸಲ ಕಛೇರಿಯಾದಾಗ ಹಣದ ಬೆಂಬಲ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಕಂಡಕ್ಟ್ ಮಾಡಿದ್ದು ಫುರ್ಟ್‌ವೆಂಗ್ಲರ್. ಜೇಬಿನಲ್ಲಿ ಕೈ ಇಟ್ಟು ವಿಡಿಯೊ ಮಾಡಿದ ನನಗೆ ಸ್ಟ್ರಾಸ್ ಹತ್ತಿರದವರು ಅನ್ನಿಸಿದರು. ಇದಕ್ಕೆ ಉಲ್ಟಾ ಕಾರ್ಲೋಸ್ ಕ್ಲೈಬರ್ ಎಂಬ ಇನ್ನೊಬ್ಬ ಕಂಡಕ್ಟರ್. ವಿಯೆನ್ನಾದ 1989ರ ಹೊಸ ವರ್ಷದ ಕಛೇರಿ ವಿಡಿಯೊ ನೋಡಿ. ಕೆಲವು ಕಡೆ ಅವರು ಮಾತ್ರೆ ಹೊಡೆಯುವುದನ್ನೇ ಬಿಟ್ಟು, ಎರಡೂ ಕೈಯಲ್ಲಿ ರಾಗದ ಆಕಾರ ಮಾತ್ರ ತೋರಿಸುತ್ತಾರೆ. ನೋಡಿ ಆನಂದಪಡಿ, ಸದ್ಯಕ್ಕೆ ಹಾಗೆ ಮಾಡಬೇಡಿ ಅಂತ ಸರ್ ಕೈ ಮುಗಿದರು.

ಕೊನೆಯ ದಿನ ಎರಡನೇ ಭಾಗ ಪೂರ್ತಿ ನಡೆಸಿದೆ. ಎಡಗೈ ಹೆಚ್ಚು ಹೊತ್ತು ಹೊಟ್ಟೆಯ ಮೇಲೇ ಇತ್ತು. ಎಡಭುಜ ಮಾತ್ರ ಕಲ್ಲಾಗಿತ್ತು. ಕೈ ಸುಮ್ಮನಿದ್ದರೂ ಭುಜ ಬಿಗಿಯಾಗಿ ಹಿಡಿದಿರುತ್ತದೆ, ಅದು ಗೊತ್ತೇ ಆಗುವುದಿಲ್ಲ. ಊರಿಗೆ ಬಂದು ಫಿಸಿಯೋಥೆರಪಿಗೆ ಹೋಗಬೇಕಾಯಿತು. ಸ್ಕೋರ್ ಸ್ಟ್ಯಾಂಡ್ ಎತ್ತರವಾಗಿದ್ದರೆ ಪುಟ ತಿರುಗಿಸುವಾಗಲೆಲ್ಲ ಭುಜ ಏಳುತ್ತದೆ. ಸ್ಟ್ಯಾಂಡನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಹೆಚ್ಚುಕಡಿಮೆ ಮಟ್ಟಸವಾಗಿ ಇಡಿ. ಪುಟದ ಕೆಳಮೂಲೆಯನ್ನು ಮೊದಲೇ ಸ್ವಲ್ಪ ಮಡಚಿಟ್ಟರೆ ಎಡಗೈಗೆ ಹುಡುಕಾಟ ಇರುವುದಿಲ್ಲ.

ಸ್ಕೋರ್ ಬಗ್ಗೆಯೂ ಒಂದು ಮಾತು. ನಮ್ಮ ದೇಶದಲ್ಲಿ ರಚನೆಕಾರರು ತೀರಿಕೊಂಡು 60 ವರ್ಷ ದಾಟಿದರೆ ಕೃತಿಯ ಹಕ್ಕು ಮುಗಿಯುತ್ತದೆ. ಮೊಜಾರ್ಟ್, ಹೇಡನ್ ಇವರ ಹಳೆಯ ಮುದ್ರಣಗಳು ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿದರೆ ಸಾಕು. ಹೊಸ ಮುದ್ರಣಗಳಿಗೆ ಮಾತ್ರ ಬೇರೆ ಹಕ್ಕು ಇರಬಹುದು, ನೋಡಿಕೊಳ್ಳಿ.

ಊರಿಗೆ ಬಂದ ಮೇಲಿನ ಮೊದಲ ರಿಹರ್ಸಲ್‌ನಲ್ಲಿ ನಾನು ನೆನೆಸದ ತೊಂದರೆ ಬಂತು. ಕ್ಲಾರಿನೆಟ್ ಅಂಕಲ್‌ಗೆ ಎಡಗೈ ಚಾಚಿ ಚೆಂದದ ಕ್ಯೂ ಕೊಟ್ಟೆ. ಅವರು ಊದಲೇ ಇಲ್ಲ. ಕ್ಲಾರಿನೆಟ್ ತೊಡೆಯ ಮೇಲಿಟ್ಟು, "ಏನಮ್ಮಾ, ದೊಡ್ಡವರನ್ನು ಎಡಗೈಯಲ್ಲಿ ಕರೀತೀಯಾ?" ಅಂದರು. ಮಕ್ಕಳು ಕಿಸಕ್ಕನೆ ನಕ್ಕವು. ಅಂಕಲ್ ನಗಲಿಲ್ಲ. ಎಡಗೈಯಲ್ಲಿ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಅಂತ ಬೆಳೆದವರು ನಾವೆಲ್ಲ. ಬೆಂಗಳೂರಿನ ಕೋರ್ಸ್‌ನಲ್ಲಿ ಇದನ್ನು ಯಾರೂ ಹೇಳಿಕೊಡಲ್ಲ. ಬೆರಳು ತೋರಿಸುವ ಬದಲು ಅಂಗೈ ಮೇಲಾಗಿ ತೆರೆದು ನೋಡಿದೆ, ಆಗಲೂ ಅವರ ಮುಖ ಬಿಗಿಯೇ. ಕೊನೆಗೆ ಕೂರುವ ಜಾಗ ಬದಲಾಯಿಸಿದೆವು. ಹಿರಿಯರೆಲ್ಲ ನನ್ನ ಬಲಕ್ಕೆ, ಮಕ್ಕಳೆಲ್ಲ ಎಡಕ್ಕೆ. ಅಂಕಲ್‌ಗಳಿಗೆ ಬೇಟನ್ ಮತ್ತು ಕಣ್ಣು, ಮಕ್ಕಳಿಗೆ ಎಡಗೈ. ನಾದದ ಸಮತೋಲಕ್ಕೂ ಇದರಿಂದ ನಷ್ಟವೇನೂ ಆಗಲಿಲ್ಲ, ಕಾರ್ನೆಟ್ ಈಗ ಮಕ್ಕಳ ಕಿವಿಯ ಪಕ್ಕ ಊದುವುದಿಲ್ಲ.

ಖರ್ಚಿನ ಬಿಲ್ಲುಗಳನ್ನು ಶಾಲೆಗೆ ಕೊಟ್ಟಿದ್ದೇನೆ. ಬಸ್ ಚಾರ್ಜು ಮತ್ತು ಫೀಸಿನ ಒಂದು ಭಾಗ ಕೊಡುತ್ತಾರಂತೆ. ಬೇಟನ್ ಬಿಲ್ಲು ಮಾತ್ರ ವಾಪಸ್ ಬಂತು. 1,200 ರೂಪಾಯಿ ಕೊಟ್ಟು ಒಂದು ಕಡ್ಡಿ ತಂದಿದ್ದಕ್ಕೆ ಯಾವ ಲೆಕ್ಕದಲ್ಲಿ ದುಡ್ಡು ಕೊಡಲಿ ಅಂತ ಅಕೌಂಟೆಂಟ್ ಕೇಳಿದರು. ನೀವು ಹೋಗುವುದಾದರೆ ಬಿಲ್ಲಿನಲ್ಲಿ ಸಂಗೀತ ಸಲಕರಣೆ ಅಂತ ಬರೆಸಿಕೊಳ್ಳಿ.